ಉಳಿತಾಯದ ತೂಕ

ನಮ್ಮ ಮನೆಯಲ್ಲಿ ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ ಉಂಟು. ಪ್ರತಿ ವರ್ಷವೂ ಯುಗಾದಿಯ ಮರುದಿನ ಹೊಸದೊಂದನ್ನು ಕೊಂಡು ತಂದು, ಮೊದಲ ಪುಟದ ನೆತ್ತಿಯ ಮೇಲೆ ‘ಶ್ರೀ’ ಎಂದು ಬರೆದು, ಅಂದಿನಿಂದ ಹಾಲು, ಸೊಪ್ಪು, ವಿದ್ಯುತ್ತಿನ ಬಿಲ್ಲು, ಇಸ್ತ್ರಿಯವನ ಬಾಕಿ ಎಲ್ಲವನ್ನೂ ಬರೆದಿಡುವುದು ನನ್ನ ತಂದೆಯಿಂದ ನನಗೆ ಬಂದ ಅಭ್ಯಾಸ. ಪಿತ್ರಾರ್ಜಿತವೆಂದು ನನಗೆ ಬಂದುದು ಅದೊಂದೇ ಎಂದರೂ ಸಲ್ಲುತ್ತದೆ. ಎರಡು ವರ್ಷಗಳ ಹಿಂದಿನ ಯುಗಾದಿಯಲ್ಲಿ ಆ ಪುಸ್ತಕದ ಪುಟದ ನಡುವೆ ಒಂದು ಗೀಟು ಎಳೆದೆ. ಎಡಗಡೆ ರೂಪಾಯಿ, ಬಲಗಡೆ ಕಿಲೋಗ್ರಾಂ. ಎಡಗಡೆಯ ಶಿಲ್ಕು ಏರಬೇಕು, ಬಲಗಡೆಯ ಅಂಕಿ ಇಳಿಯಬೇಕು, ಇದು ಸಂಕಲ್ಪ. ಆರು ತಿಂಗಳ ತರುವಾಯ ನೋಡಿದರೆ ಎಡಗಡೆಯದು ಇಳಿದಿತ್ತು, ಬಲಗಡೆಯದು ಏರಿತ್ತು. ಮನುಷ್ಯ ಸಂಕಲ್ಪಿಸಿದ ಎರಡು ಕಾರ್ಯಗಳು ಇಷ್ಟು ಅಚ್ಚುಕಟ್ಟಾಗಿ ತಲೆಕೆಳಗಾದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸಂಕಲ್ಪಕ್ಕೆ ಕಾರಣರಾದವರು ವೈದ್ಯರು. ಮಂಡಿನೋವೆಂದು ಹೋದವನನ್ನು ಅವರು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎತ್ತರ 165 ಸೆಂಟಿಮೀಟರು, ತೂಕ 82 ಕಿಲೋಗ್ರಾಂ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ‘ಮೂವತ್ತು’ ಎಂದರು. ಈ ಭಾಗಾಕಾರವನ್ನು 19ನೆಯ ಶತಮಾನದಲ್ಲಿ ಕಂಡುಹಿಡಿದವನು ಕೆಟಲೆ ಎಂಬ ಬೆಲ್ಜಿಯಂ ದೇಶದ ಗಣಿತಜ್ಞ. ಅವನಿಗೆ ಬೊಜ್ಜಿನ ಚಿಂತೆ ಇರಲಿಲ್ಲ, ‘ಸರಾಸರಿ ಮನುಷ್ಯ’ನೆಂದರೆ ಯಾರು ಎಂಬ ಕುತೂಹಲವಿತ್ತು. ಅದನ್ನು ದೇಹದ ಸ್ಥೂಲತೆಯ ಅಳತೆಗೋಲಾಗಿ ಬಳಕೆಗೆ ತಂದುದು ನಮ್ಮ ಕಾಲದ ವೈದ್ಯಶಾಸ್ತ್ರ. ಭಾರತೀಯರಿಗೆ ಈ ಅಂಕಿ 23ನ್ನು ದಾಟಿದರೆ ತೂಕ ಹೆಚ್ಚು, 25ನ್ನು ದಾಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ದೇಶದ ತಜ್ಞರು ಸೇರಿ ನಿಶ್ಚಯಿಸಿದ್ದಾರೆ. ಪಾಶ್ಚಾತ್ಯರಿಗೆ ಈ ಮಿತಿ 25 ಮತ್ತು 30. ನಮಗೆ ಅದಕ್ಕಿಂತ ಬಿಗಿ, ಏಕೆಂದರೆ ಅಷ್ಟೇ ತೂಕದ ಅವರ ದೇಹಕ್ಕಿಂತ ನಮ್ಮದರಲ್ಲಿ ಮೇದಸ್ಸು ಹೆಚ್ಚು, ಅದೂ ಹೊಟ್ಟೆಯ ಸುತ್ತಲೇ ಹೆಚ್ಚು. ನಾನಾದರೋ ಎರಡು ಲೆಕ್ಕದಲ್ಲಿಯೂ ತೇರ್ಗಡೆಯಾಗಿದ್ದೆ.

‘ಔಷಧವೇನು?’ ಎಂದು ಕೇಳಿದೆ. ‘ಸ್ವಲ್ಪ ಕಡಿಮೆ ತಿನ್ನಿ, ದಿನವೂ ನಡೆಯಿರಿ’ ಎಂದರು. ನನಗೆ ನಿರಾಶೆಯಾಯಿತು. ಎರಡಕ್ಕೂ ಕಾಸು ಬೇಕಿಲ್ಲ. ಕಾಸು ಬೇಡದ ಔಷಧದಲ್ಲಿ ಶಕ್ತಿ ಇದ್ದೀತೆಂದು ನಂಬುವುದು ಯಾರಿಗಾದರೂ ಕಷ್ಟ. ಬಿಟ್ಟಿಯಾಗಿ ಬಂದ ಉಪದೇಶವನ್ನು ಬಿಟ್ಟಿಯಾಗಿಯೇ ಬಿಟ್ಟು, ನಾನು ಪೇಟೆಗೆ ಹೊರಟೆ.

ಪೇಟೆಯಲ್ಲಿ ತೆಳ್ಳಗಾಗುವುದಕ್ಕೆ ಬೇಕಾದ ಸಾಮಗ್ರಿ ಎಷ್ಟೊಂದು ಇದೆಯೆಂದರೆ, ಅವನ್ನೆಲ್ಲ ಕೊಂಡವನು ಹಣವಿಲ್ಲದೆ ಉಪವಾಸ ಬಿದ್ದಾದರೂ ತೆಳ್ಳಗಾಗಲೇಬೇಕು. ಮೊದಲು ಒಂದು ವ್ಯಾಯಾಮಶಾಲೆಗೆ ವರ್ಷದ ಶುಲ್ಕವೆಂದು 14,000 ರೂಪಾಯಿ ಕಟ್ಟಿದೆ. ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ಉಳಿತಾಯದ ಸಂಕಲ್ಪ ಮಾಡಿದವನು ರಿಯಾಯಿತಿಯನ್ನು ಬಿಡುವುದುಂಟೆ? ಹತ್ತೊಂಬತ್ತು ದಿನ ಹೋದೆ. ಆಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು. ಅನಂತರ ಮಳೆ ಬಂದಿತು. ಹೋಗುವುದು ತಪ್ಪಿದುದರಿಂದ ಮನೆಯಲ್ಲಿಯೇ ತುಳಿಯುವ ಒಂದು ಸೈಕಲ್ಲನ್ನು ತರಿಸಿದೆ. ಅದು ಈಗಲೂ ನಡುಮನೆಯ ಮೂಲೆಯಲ್ಲಿದೆ. ಒದ್ದೆ ಟವೆಲ್ಲು ಹಾಕಲು ಅಷ್ಟು ಗಟ್ಟಿಮುಟ್ಟಾದ ಸಾಧನ ಇನ್ನೊಂದಿಲ್ಲ. ಊಟದ ಬದಲು ಹಾಲಿನಲ್ಲಿ ಕದಡಿ ಕುಡಿಯಬೇಕಾದ ಒಂದು ಪುಡಿ, ಡಬ್ಬಿಗೆ 2,400 ರೂಪಾಯಿ. ಇಷ್ಟು ಬೆಲೆ ಕೊಟ್ಟ ವಸ್ತುವನ್ನು ವ್ಯರ್ಥ ಮಾಡಬಾರದೆಂದು ಅದನ್ನು ಕುಡಿದೆ. ಮನೆಯಲ್ಲಿ ಬೇಯಿಸಿದ ಅನ್ನವೂ ವ್ಯರ್ಥವಾಗಬಾರದೆಂದು ಅದನ್ನೂ ಉಂಡೆ. ಬಲಗಡೆಯ ಅಂಕಿ ಏರಿದ ರಹಸ್ಯ ಇದೇ.

ಹಳೆಯ ಪುಸ್ತಕಗಳಲ್ಲಿ ಹುಡುಕಿದಾಗ ನನಗೊಬ್ಬ ಪೂರ್ವಿಕ ಸಿಕ್ಕಿದ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಶವಸಂಸ್ಕಾರದ ವ್ಯವಸ್ಥೆ ಮಾಡಿಸುವ ವೃತ್ತಿಯವನು. ಎತ್ತರದಲ್ಲಿ ಸರಿಸುಮಾರು ನನ್ನಷ್ಟೇ, ತೂಕದಲ್ಲಿ ನನಗಿಂತ ಹತ್ತು ಕಿಲೋ ಮುಂದು. ಮೈ ಇಳಿಸಲು ಅವನು ಅನೇಕ ವೈದ್ಯರನ್ನು ಕಂಡ, ಹಬೆಯ ಸ್ನಾನ ಮಾಡಿದ, ಮುಂಜಾನೆ ಥೇಮ್ಸ್ ನದಿಯಲ್ಲಿ ದೋಣಿ ಹುಟ್ಟುಹಾಕಿದ. ಹುಟ್ಟುಹಾಕಿದಷ್ಟೂ ಹಸಿವು ಹೆಚ್ಚಿತೇ ಹೊರತು ತೂಕ ಇಳಿಯಲಿಲ್ಲ. ಕೊನೆಗೆ ಒಬ್ಬ ವೈದ್ಯನ ಮಾತಿನಂತೆ ರೊಟ್ಟಿ, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ತ್ಯಜಿಸಿ ಒಂದು ವರ್ಷದಲ್ಲಿ 46 ಪೌಂಡು ಇಳಿದ. ಆ ಸಂತೋಷದಲ್ಲಿ 1863ರಲ್ಲಿ ಒಂದು ಸಣ್ಣ ಪುಸ್ತಕವನ್ನು ಅಚ್ಚುಹಾಕಿಸಿ ಮೊದಲು ಉಚಿತವಾಗಿಯೇ ಹಂಚಿದ. ಪಥ್ಯ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ಕ್ರಿಯಾಪದವಾಯಿತು. ತೆಳ್ಳಗಾಗುವ ವಿದ್ಯೆಯನ್ನು ಜನಪ್ರಿಯಗೊಳಿಸಿದವನು ಅದನ್ನು ಬಿಟ್ಟಿಯಾಗಿ ಕೊಟ್ಟ. ಅವನ ತರುವಾಯ ಬಂದವರು ಬೆಲೆ ಕಟ್ಟಿದರು.

ನಮ್ಮಲ್ಲಿಯೂ ಈ ವಿಷಯವನ್ನು ಹಿರಿಯರು ಯೋಚಿಸಿಯೇ ಇದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 21ನೆಯ ಅಧ್ಯಾಯ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತದ್ದು. ಸ್ಥೂಲತೆಗೆ ಅಲ್ಲಿ ಹೇಳಿರುವ ಕಾರಣಗಳಲ್ಲಿ ಅತಿಯಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆಗಳ ಜೊತೆಗೆ ಸದಾ ಹರ್ಷದಿಂದಿರುವುದು ಮತ್ತು ಚಿಂತೆಯಿಲ್ಲದಿರುವುದು ಕೂಡ ಸೇರಿವೆ. ಚಿಕಿತ್ಸೆಗಳಲ್ಲಿ ಜಾಗರಣೆ, ವ್ಯಾಯಾಮಗಳ ಜೊತೆಗೆ ಚಿಂತನೆಯೂ ಒಂದು. ಸಂಬಳದ ಮೇಲೆ ಬದುಕುವ ನನಗೆ ಈ ಔಷಧದ ಕೊರತೆ ಎಂದೂ ಆಗಿಲ್ಲ. ಆದರೂ ಅದು ಫಲಿಸದೇ ಹೋದುದು ನನ್ನ ದುರ್ದೈವ. ಅದಿರಲಿ. ನನ್ನ ಗಮನ ಸೆಳೆದುದು ಅಲ್ಲಿ ಹೇಳಿರುವ ಧಾನ್ಯಗಳು: ಯವ, ಪ್ರಿಯಂಗು, ಶ್ಯಾಮಾಕ, ಕೋದ್ರವ, ಹುರುಳಿ, ಹೆಸರು. ಪ್ರಿಯಂಗುವೆಂದರೆ ನವಣೆ, ಕೋದ್ರವವೆಂದರೆ ಹಾರಕ. ಬಡವನ ಮನೆಯಲ್ಲಿ ನಿತ್ಯದ ಊಟವಾಗಿದ್ದುದು ಸಿರಿವಂತನ ಮನೆಯಲ್ಲಿ ಔಷಧವಾಗಿತ್ತು ಎಂದಾಯಿತು.

ರಾಗಿಯ ಕಥೆಯಂತೂ ಕನ್ನಡಿಗರಿಗೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಬತ್ತಕ್ಕೂ ರಾಗಿಗೂ ಹಿರಿಮೆಯ ಜಗಳ ಹತ್ತಿ, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಬತ್ತ ಕಳೆಗುಂದುತ್ತದೆ, ರಾಗಿ ಗೆದ್ದು ಬರುತ್ತದೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ರಾಗಿಗೆ ಎರಡನೆಯ ಬಾರಿ ಪಟ್ಟಾಭಿಷೇಕವಾಯಿತು. ಆದರೆ ಪಟ್ಟಕ್ಕೆ ಬಂದವರ ದರ್ಶನ ದುಬಾರಿ. ಹೊಳೆಯುವ ಲಕೋಟೆಯ ರಾಗಿ ಬಿಸ್ಕತ್ತಿಗೆ ಕೊಟ್ಟ ಹಣದಲ್ಲಿ ನಮ್ಮವ್ವ ಒಂದು ವಾರದ ಮುದ್ದೆಯ ಹಿಟ್ಟು ಬೀಸಿಸುತ್ತಿದ್ದಳು. ಮೇಲಾಗಿ ಆ ಬಿಸ್ಕತ್ತಿನಲ್ಲಿ ರಾಗಿಗಿಂತ ಸಕ್ಕರೆ, ಎಣ್ಣೆ, ಮೈದಾಗಳದೇ ಮೇಲುಗೈ. ರಾಗಿಯ ವಿಷಯದಲ್ಲಿ ಇನ್ನೊಂದು ಭ್ರಮೆಯನ್ನೂ ಕಳೆದುಕೊಳ್ಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಅಲ್ಪ. ನಾರೂ ಸುಣ್ಣದಂಶವೂ ರಾಗಿಯಲ್ಲಿ ಬಹಳ ಹೆಚ್ಚು. ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದರ ಗುಣ ಅಷ್ಟು. ಮೂರು ಮುದ್ದೆ ಉಂಡು ಉಳಿದ ಹೊತ್ತು ಕುಳಿತೇ ಇರುವವನನ್ನು ಶ್ರೀರಾಮನ ವರವೂ ಕಾಯಲಾರದು.

ಇಷ್ಟೆಲ್ಲ ಓದುತ್ತಿರುವಾಗ ನನಗೆ ಹೊಳೆದ ಸಂಗತಿ ಒಂದು. ನಾನು ಎರಡು ಲೆಕ್ಕ ಬರೆಯುತ್ತಿದ್ದೇನೆಂದು ತಿಳಿದಿದ್ದೆ, ಇದ್ದುದು ಒಂದೇ. ಮೇದಸ್ಸೆಂದರೆ ಮತ್ತೇನು? ದೇಹದ ಉಳಿತಾಯ. ಬಂದುದರಲ್ಲಿ ಖರ್ಚಾಗದೆ ಮಿಕ್ಕಿದ್ದನ್ನು, ನಾಳೆ ಏನಾಗುವುದೋ ಎಂದು, ಅದು ಗಂಟುಕಟ್ಟಿ ಇಡುತ್ತದೆ. ಒಂದು ಕಿಲೋ ಮೇದಸ್ಸಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿಗಳಷ್ಟು ಠೇವಣಿ. ನನ್ನ ಮೈಮೇಲೆ ಅಗತ್ಯಕ್ಕೆ ಮೀರಿ ಇದ್ದ 20 ಕಿಲೋಗಳನ್ನು ಲೆಕ್ಕ ಹಾಕಿದರೆ, ದಿನಕ್ಕೆ 2,000ದಂತೆ, ಎರಡೂವರೆ ತಿಂಗಳ ಆಹಾರ! ಬ್ಯಾಂಕಿನಲ್ಲಿ ಎರಡೂವರೆ ತಿಂಗಳ ಸಂಬಳವನ್ನು ಎಂದೂ ಕಾಣದ ನಾನು, ಸೊಂಟದಲ್ಲಿ ಅದನ್ನು ಯಾವ ಪ್ರಯತ್ನವೂ ಇಲ್ಲದೆ ಕೂಡಿಹಾಕಿದ್ದೆ. ಈ ಠೇವಣಿಯನ್ನು ಒಡೆಯುವುದೂ ಸುಲಭವಲ್ಲ. ಒಂದು ಗಂಟೆ ನಡೆದರೆ ಕರಗುವುದು 250 ಕಿಲೊಕ್ಯಾಲೊರಿಯ ಆಸುಪಾಸು. ಹೋಟೆಲಿಗೆ ಹೊಕ್ಕು ಒಂದು ಮಸಾಲೆ ದೋಸೆ ತಿಂದರೆ ಅದಷ್ಟೂ ಬಡ್ಡಿ ಸಹಿತ ಮರಳಿ ಜಮೆಯಾಗುತ್ತದೆ.

ದೇಹದ ಈ ಜಿಪುಣತನಕ್ಕೆ ವಿಜ್ಞಾನಿಗಳು ಇಟ್ಟ ಹೆಸರೂ ಉಳಿತಾಯದ್ದೇ. 1962ರಲ್ಲಿ ಜೇಮ್ಸ್ ನೀಲ್ ಎಂಬ ಅಮೆರಿಕದ ತಳಿವಿಜ್ಞಾನಿ ‘ಮಿತವ್ಯಯದ ವಂಶವಾಹಿ’ ಎಂಬ ಊಹೆಯನ್ನು ಮುಂದಿಟ್ಟ: ಕ್ಷಾಮ ಸುಭಿಕ್ಷಗಳು ಸರತಿಯಂತೆ ಬರುತ್ತಿದ್ದ ಕಾಲದಲ್ಲಿ ಕೂಡಿಡಬಲ್ಲ ದೇಹವೇ ಬದುಕಿ ಉಳಿಯಿತು, ಕ್ಷಾಮ ಹೋದ ಮೇಲೂ ಅದು ಕೂಡಿಡುತ್ತಲೇ ಇದೆ, ಅದರ ಫಲ ಮಧುಮೇಹ. ಈ ಊಹೆಯ ಮೇಲಿನ ವಾದ ಇನ್ನೂ ಮುಗಿದಿಲ್ಲ. ಅದಕ್ಕೆ ಪ್ರತಿಯಾಗಿ 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಎಂಬ ಇಬ್ಬರು, ಈ ಮಿತವ್ಯಯವನ್ನು ಶಿಶು ತಾಯಿಯ ಗರ್ಭದಲ್ಲಿಯೇ ಕಲಿಯುತ್ತದೆ ಎಂದರು. ತಾಯಿಗೆ ಹೊಟ್ಟೆತುಂಬ ಇಲ್ಲದಿದ್ದರೆ, ಹೊರಗಿನ ಲೋಕದಲ್ಲಿಯೂ ಇಲ್ಲವೆಂದು ಶಿಶುವಿನ ದೇಹ ಸಿದ್ಧವಾಗುತ್ತದೆಯಂತೆ.

ಈ ವಿಚಾರಕ್ಕೂ ನಮ್ಮ ಮೈಸೂರಿಗೂ ಒಂದು ನಂಟು ಇದೆಯೆಂದು ತಿಳಿದಾಗ ನಾನು ಬೆರಗಾದೆ. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದೊಡ್ಡ ಪುಸ್ತಕಗಳಲ್ಲಿ ಬರೆದು ಜೋಪಾನ ಮಾಡಿದ್ದರು. ಆ ಮಕ್ಕಳಲ್ಲಿ ಮುಂದೆ ಮಧ್ಯವಯಸ್ಸು ದಾಟಿ ಊರಲ್ಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿಯೇ ಮುಂದೆ ಹೃದ್ರೋಗ ಹೆಚ್ಚಾಗಿ ಕಂಡಿತ್ತು. ಯಾವ ದಾದಿ ಯಾವ ಬೆಳಗಿನಲ್ಲಿ ಬರೆದ ಅಂಕಿಗಳೋ, ಅರ್ಧಶತಮಾನದ ತರುವಾಯ ಲೆಕ್ಕ ಕೇಳಿದವು. ನಮ್ಮವ್ವ ಹುಟ್ಟಿದುದು ಮಂಡ್ಯದ ಕಡೆಯ ಒಂದು ಹಳ್ಳಿಯ ಹಟ್ಟಿಯಲ್ಲಿ. ಅವಳನ್ನು ಯಾರೂ ತೂಗಲಿಲ್ಲ. ಅವಳ ಹೊಟ್ಟೆಯಲ್ಲಿ ನಾನಿದ್ದಾಗ ಅವಳು ಏನು ಉಂಡಳೆಂದೂ ಯಾರೂ ಬರೆದಿಡಲಿಲ್ಲ. ನನ್ನ ತಂದೆಯ ಲೆಕ್ಕದ ಪುಸ್ತಕದಲ್ಲಿ ಕೂಡ.

ಆದರೆ ಅವಳು ನನಗೆ ಕಲಿಸಿದ್ದೇನೆಂಬುದು ನನಗೆ ಚೆನ್ನಾಗಿ ಗೊತ್ತು. ತಟ್ಟೆಯಲ್ಲಿ ಒಂದು ಅಗುಳನ್ನು ಬಿಟ್ಟು ಎದ್ದರೆ, ‘ಅದನ್ನ ಬೆಳೆದೋನ ಬೆನ್ನು ನೋಡಿದ್ದೀಯೇನೋ?’ ಎನ್ನುತ್ತಿದ್ದಳು. ನಾನು ನೋಡಿದ್ದೆ, ಅದು ನನ್ನ ತಂದೆಯ ಬೆನ್ನೇ ಆಗಿತ್ತು. ಆ ಮಾತು ನನ್ನ ರಕ್ತದಲ್ಲಿ ಇಳಿದು, ನಾನು ತಂದೆಯಾದ ಮೇಲೆ ಮಕ್ಕಳು ತಟ್ಟೆಯಲ್ಲಿ ಬಿಟ್ಟ ಮೊಸರನ್ನವನ್ನೂ ಅರ್ಧ ಕಚ್ಚಿದ ದೋಸೆಯನ್ನೂ ನಾನೇ ತಿಂದು ಮುಗಿಸುತ್ತಿದ್ದೆ. ಬೊಜ್ಜು ಬಂದುದು ಭೋಗದಿಂದಲ್ಲ, ಮಿತವ್ಯಯದಿಂದ ಎಂದು ಹೇಳಿದರೆ ನಗುವವರು ನಗಲಿ. ನನ್ನ ಮಟ್ಟಿಗೆ ಅದು ಸತ್ಯ.

ಇಷ್ಟರವರೆಗೆ ನಾನು ಹೇಳಿದ್ದೆಲ್ಲ ನನ್ನ ಲೆಕ್ಕ. ಇನ್ನೊಂದು ಲೆಕ್ಕವನ್ನು ನಾನು ಬರೆದೇ ಇರಲಿಲ್ಲ.

ಕಳೆದ ವರ್ಷದ ಒಂದು ರಾತ್ರಿ, ಹತ್ತು ಗಂಟೆಯ ಮೇಲೆ, ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಒಲೆಯ ಕಟ್ಟೆಗೆ ಒರಗಿ ನಿಂತು, ಪಾತ್ರೆಯ ತಳದ ಅನ್ನಕ್ಕೆ ಉಳಿದ ಸಾರನ್ನು ಸುರಿದು ಕಲಸಿ ತಿನ್ನುತ್ತಿದ್ದಳು. ನನ್ನೊಡನೆ ಅವಳ ಊಟ ಎಂಟೂವರೆಗೆ ಮುಗಿದಿತ್ತು.

‘ಹಸಿವೇ?’ ಎಂದೆ.

‘ಹಸಿವೇನಿಲ್ಲ. ಮಿಕ್ಕಿತ್ತು. ಒಂದು ಹಿಡಿ ಅನ್ನವನ್ನು ಯಾರಿಗೆಂದು ಇಡುವುದು? ಬೆಳಿಗ್ಗೆ ನೀವು ತಂಗಳು ಮುಟ್ಟುವುದಿಲ್ಲ’ ಎಂದಳು.

ಹದಿನೈದು ದಿನಗಳ ಹಿಂದೆ ಅವಳಿಗೂ ಸಕ್ಕರೆಯ ಅಂಶ ಹೆಚ್ಚಿದೆಯೆಂದು ವೈದ್ಯರು ಹೇಳಿದ್ದರು. ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆಯ ಬೆಲೆಯನ್ನು ನಾನು ಎಡಗಡೆಯ ಕಾಲಮ್ಮಿನಲ್ಲಿ ಬರೆದಿದ್ದೆ. ಅವಳ ತೂಕವನ್ನು ಬಲಗಡೆ ಬರೆಯಬೇಕೆಂದು ನನಗೆ ತೋಚಿರಲೇ ಇಲ್ಲ.

ಆ ರಾತ್ರಿ ಪುಸ್ತಕ ತೆರೆದು ಕುಳಿತೆ. ಒಂದು ಹಿಡಿ ಅನ್ನವೆಂದರೆ ಸುಮಾರು ನೂರು ಗ್ರಾಂ. ಅದರಲ್ಲಿ 130 ಕಿಲೊಕ್ಯಾಲೊರಿ. ಅದಕ್ಕೆ ಬೇಕಾದ ಅಕ್ಕಿ 40 ಗ್ರಾಮಿಗೆ ಮಿಕ್ಕದು. ನಾವು ತರುವ ಅಕ್ಕಿಯ ಬೆಲೆಯಲ್ಲಿ ಎರಡೂವರೆ ರೂಪಾಯಿ. ವರ್ಷಪೂರ್ತಿ ಹೀಗೆ ‘ಉಳಿಸಿದರೆ’ ಒಂಬೈನೂರು ರೂಪಾಯಿ ತುಂಬುತ್ತದೆ. ಇತ್ತ ವರ್ಷಕ್ಕೆ 47,000 ಕಿಲೊಕ್ಯಾಲೊರಿ. ಕಾಗದದ ಮೇಲೆ ಆರು ಕಿಲೋ ಮೇದಸ್ಸು. ದೇಹ ಇಷ್ಟು ನೇರವಾದ ಗಣಿತದಲ್ಲಿ ನಡೆಯುವುದಿಲ್ಲ, ಭಾರವಾದಷ್ಟೂ ಅದರ ಖರ್ಚೂ ಹೆಚ್ಚಿ ಏರಿಕೆ ಎಲ್ಲಿಯೋ ನಿಲ್ಲುತ್ತದೆ. ಆ ಹಿಡಿ ಅನ್ನವೊಂದರಿಂದಲೇ ರೋಗ ಬಂದಿತೆಂದು ನಾನು ಹೇಳಲಾರೆ. ಆದರೂ ಒಂಬೈನೂರು ರೂಪಾಯಿಯ ಅಕ್ಕಿಯನ್ನು ಉಳಿಸಲು, ವರ್ಷಕ್ಕೆ 7,000 ರೂಪಾಯಿಯ ಮಾತ್ರೆ ನುಂಗುವ ಮನೆಯನ್ನು ಮಿತವ್ಯಯದ ಮನೆ ಎನ್ನಬಹುದೆ? ಮದುವೆಯಾಗಿ ಇಪ್ಪತ್ತೇಳು ವರ್ಷ ಅವಳು ಉಳಿದುದನ್ನು ತಿಂದಿದ್ದಳು. ನನ್ನ ತಂದೆಯ ಪದ್ಧತಿಯ ಪುಸ್ತಕದಲ್ಲಿ ಅನ್ನ ವ್ಯರ್ಥವಾದ ಒಂದು ದಾಖಲೆಯೂ ಇಲ್ಲವೆಂದು ನಾನು ಹೆಮ್ಮೆಪಡುತ್ತಿದ್ದೆನಷ್ಟೆ. ಆ ಹೆಮ್ಮೆಯನ್ನೆಲ್ಲ ಅವಳ ಮೈ ಹೊತ್ತಿತ್ತು. ಮನೆಯಲ್ಲಿ ಕಸದ ಬುಟ್ಟಿಯನ್ನು ಬರಿದಾಗಿಡಲು ಒಬ್ಬ ಹೆಂಗಸಿನ ಹೊಟ್ಟೆಯನ್ನು ಬಳಸುವುದಕ್ಕೆ ನಾವು ಇಟ್ಟಿರುವ ಹೆಸರು ಗೃಹಿಣೀಧರ್ಮ.

ಮರುದಿನ ಕಾರಣ ಹುಡುಕಿದೆವು. ಅದು ಕಣ್ಣೆದುರಿಗೇ ಇತ್ತು. ಮನೆಯಲ್ಲಿ ಐವರಿದ್ದಾಗ ಹೊತ್ತಿಗೆ ಎರಡು ಪಾವು ಅಕ್ಕಿ ಹಾಕುತ್ತಿದ್ದೆವು. ಅತ್ತೆ ತೀರಿಕೊಂಡರು, ಮಗಳು ಮದುವೆಯಾಗಿ ಹೋದಳು, ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಅಕ್ಕಿಯ ಅಳತೆ ಒಂದೂಕಾಲು ಪಾವಿಗೆ ಇಳಿದು ಅಲ್ಲಿಯೇ ನಿಂತಿತ್ತು. ‘ಒಂದು ಪಾವಿಗೂ ಕಡಿಮೆ ಮಾಡೋಣ’ ಎಂದೆ.

‘ಹೊತ್ತಿಗೆ ಸರಿಯಾಗಿ ಯಾರಾದರೂ ಬಂದುಬಿಟ್ಟರೆ?’ ಎಂದಳು.

ಈ ಒಂದು ಪ್ರಶ್ನೆಯ ಮೇಲೆ ನಮ್ಮ ನಾಡಿನ ಅಡುಗೆಮನೆಗಳೆಲ್ಲ ನಿಂತಿವೆ. ಬರಬಹುದಾದ ಆ ಅತಿಥಿಗಾಗಿ ದಿನವೂ ಒಂದು ಹಿಡಿ ಹೆಚ್ಚು. ಅವನು ಬರುವುದು ತಿಂಗಳಿಗೊಮ್ಮೆ. ಉಳಿದ ಇಪ್ಪತ್ತೊಂಬತ್ತು ದಿನ ಅವನ ಪಾಲನ್ನು ಮನೆಯಾಕೆ ಉಣ್ಣುತ್ತಾಳೆ. ‘ಬಂದರೆ ಹತ್ತು ನಿಮಿಷದಲ್ಲಿ ಉಪ್ಪಿಟ್ಟು ಕೆದಕೋಣ’ ಎಂದೆ. ಅವಳು ಒಪ್ಪಿದಳು, ಒಪ್ಪಿದ ಮುಖದಲ್ಲಿ ಒಂದು ತಪ್ಪಿತಸ್ಥಭಾವ ವಾರಗಟ್ಟಲೆ ಇತ್ತು. ಮುಕ್ಕಾಲು ಪಾವು ಅಕ್ಕಿ, ಅದರ ಎರಡರಷ್ಟು ಸೊಪ್ಪು ತರಕಾರಿ, ರಾತ್ರಿಗೆ ಒಂದೊಂದು ಚಿಕ್ಕ ಮುದ್ದೆ, ಹುರುಳಿಯ ಸಾರು. ತಿಂಗಳಿಗೆ ಎಷ್ಟು ಎಣ್ಣೆ ಸುರಿಯುತ್ತೇವೆಂದು ಅಳೆದು ನೋಡಿದಾಗ ಇಬ್ಬರೂ ನಾಚಿದೆವು. ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೊಕ್ಯಾಲೊರಿ, ಹಿಟ್ಟಿನಲ್ಲಾದರೆ 4 ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಅರ್ಧಕ್ಕೆ ಇಳಿಸಿದೆವು.

ನಡಿಗೆಯ ವಿಷಯದಲ್ಲಿ ನನಗೆ ಗುರುವಾದವರು ಗಾಂಧೀಜಿ. 1888ರಿಂದ 1891ರವರೆಗೆ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಕಾಸುಕಾಸಿಗೂ ಲೆಕ್ಕ ಬರೆದು, ಮಲಗುವ ಮುನ್ನ ಶಿಲ್ಕು ನೋಡುತ್ತಿದ್ದರು. ಗಾಡಿಯ ಬಾಡಿಗೆ ಉಳಿಸಲೆಂದು, ಹೋಗಬೇಕಾದ ಸ್ಥಳಗಳಿಗೆ ನಡೆದು ಹೋಗಬಹುದಾದ ಕಡೆ ಕೋಣೆ ಹಿಡಿದರು. ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯಾಯಿತು. ಆಮೇಲೆ ಒಂದೇ ಕೋಣೆಗೆ ಇಳಿದು, ತಾವೇ ಓಟ್ಸ್ ಗಂಜಿ ಕಾಯಿಸಿಕೊಂಡು, ದಿನಕ್ಕೆ ಒಂದು ಷಿಲಿಂಗ್ ಮೂರು ಪೆನ್ಸಿನಲ್ಲಿ ಊಟ ಮುಗಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಕಾಯಿಲೆ ಬೀಳದೆ ದೇಹ ಗಟ್ಟಿಯಾದುದು ಆ ನಡಿಗೆಯಿಂದಲೇ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಡೆದುದು ಆರೋಗ್ಯಕ್ಕಾಗಿ ಅಲ್ಲ, ಬಾಡಿಗೆ ಉಳಿಸಲು. ಆರೋಗ್ಯ ಕೊಸರಾಗಿ ಬಂದಿತು. ಕುವೆಂಪುನಗರದ ನನ್ನ ಮನೆಗೂ ಕಾಲೇಜಿಗೂ ಮೂರು ಕಿಲೋಮೀಟರು. ಹೋಗಿಬರಲು ಆಟೋರಿಕ್ಷಾಕ್ಕೆ ದಿನಕ್ಕೆ 120 ರೂಪಾಯಿ ಕೊಡುತ್ತಿದ್ದೆ. ಅದನ್ನು ಬಿಟ್ಟೆ. ತಿಂಗಳಿಗೆ 2,800 ರೂಪಾಯಿ ಉಳಿಯಿತು. ಐದು ತಿಂಗಳಲ್ಲಿ ವ್ಯಾಯಾಮಶಾಲೆಯ ಶುಲ್ಕ ತೀರಿ, ಆಮೇಲಿನದು ಲಾಭವಾಯಿತು. ಭಾನುವಾರ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇವೆ. ಹಕ್ಕಿಗಳನ್ನು ನೋಡಲು ಅಲ್ಲಿ ಶುಲ್ಕವಿಲ್ಲ.

ಹದಿನಾಲ್ಕು ತಿಂಗಳಲ್ಲಿ ನಾನು 82ರಿಂದ 73ಕ್ಕೆ ಇಳಿದೆ. ಅವಳು ಏಳು ಕಿಲೋ ಇಳಿದಳು. ಕೆಟಲೆಯ ಲೆಕ್ಕದಲ್ಲಿ ನಾನಿನ್ನೂ ಅನುತ್ತೀರ್ಣನೇ. ಅವಳ ಮಾತ್ರೆಯನ್ನು ವೈದ್ಯರು ಅರ್ಧ ಮಾಡಿದ್ದಾರೆ. ತಾವಾಗಿಯೇ ಬಿಡಬಾರದೆಂದು ಎಚ್ಚರಿಸಿಯೂ ಇದ್ದಾರೆ.

ಇಷ್ಟನ್ನು ಬರೆದು, ‘ಆದುದರಿಂದ ಎಲ್ಲರೂ ಹೀಗೆ ಮಾಡಿರಿ’ ಎಂದು ಮುಗಿಸಿದರೆ ನಾನು ವಂಚಕನಾಗುತ್ತೇನೆ. ಸೊಪ್ಪು ತರಕಾರಿ ಕೊಳ್ಳಲು ನನಗೆ ಸಂಬಳವಿದೆ, ನಡೆಯಲು ಹೊತ್ತಿದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಐದು ಮನೆಗಳ ಪಾತ್ರೆ ತೊಳೆದು, ಸಂಜೆ ಹಸಿವಾದಾಗ ಹತ್ತು ರೂಪಾಯಿಗೆ ಹೊಟ್ಟೆ ತುಂಬುವ ವಸ್ತು ಯಾವುದೆಂದು ನೋಡುತ್ತಾಳೆ. ಆ ಬೆಲೆಗೆ ಸಿಗುವುದು ಬೋಂಡ ಅಥವಾ ಬಿಸ್ಕತ್ತು. ಸೇಬಲ್ಲ, ಕಾಳಿನ ಪಲ್ಯವಲ್ಲ. ಅವಳ ಮೈ ದಪ್ಪ, ರಕ್ತ ತೆಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಮಿತಿಮೀರಿದ ತೂಕದವರು, 57 ಮಂದಿ ರಕ್ತಹೀನತೆಯವರು. ಹತ್ತೊಂಬತ್ತು ಮಂದಿ ಇನ್ನೂ ತೀರ ಕೃಶರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಯಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಗೆ ಮಿಕ್ಕಿದ್ದಾರೆ. ಇವರೆಲ್ಲ ಹೊಟ್ಟೆಬಾಕರೆಂದು ಹೇಳುವ ಎದೆಗಾರಿಕೆ ನನಗಿಲ್ಲ. ಹಸಿದವನಿಗೆ ಅಗ್ಗವಾಗಿ ಸಿಗುವುದು ಹಿಟ್ಟು, ಸಕ್ಕರೆ, ಎಣ್ಣೆ ಆಗಿರುವವರೆಗೆ, ಅವನ ಉಳಿತಾಯ ಅವನ ಮೈಯಲ್ಲೇ ಜಮೆಯಾಗುತ್ತದೆ. ಅವನಿಗೆ ಬೇಕಾದುದು ಉಪದೇಶವಲ್ಲ. ಸೊಪ್ಪಿನ ಬೆಲೆ ಇಳಿಯಬೇಕು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ರಾಗಿಯ ಜೊತೆಗೆ ಬೇಳೆಕಾಳೂ ದೊರೆಯಬೇಕು. ನಾನು ಹೇಳಬಹುದಾದುದು ನನ್ನಂಥವರಿಗೆ ಮಾತ್ರ, ಅಂದರೆ ಹಳೆಯ ಹಸಿವಿನ ನೆನಪನ್ನು ಹೊಸ ಸಂಬಳದ ಮೇಲೆ ಹೊತ್ತು ತಿರುಗುವವರಿಗೆ: ಅನ್ನವನ್ನು ವ್ಯರ್ಥಮಾಡಬಾರದೆಂಬ ಅವ್ವನ ಮಾತು ನಿಜವೇ. ಆದರೆ ಬೇಡದ ಅನ್ನ ತಿಪ್ಪೆಯಲ್ಲಿ ಬಿದ್ದರೆ ಮಾತ್ರ ವ್ಯರ್ಥವಲ್ಲ; ಹೊಟ್ಟೆಯಲ್ಲಿ ಬಿದ್ದರೂ ವ್ಯರ್ಥವೇ. ಉಳಿಸುವ ಜಾಗ ತಟ್ಟೆಯಲ್ಲ, ಪಾವು.

ಒಂದು ಲಾಭವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯದೆ ಬಿಟ್ಟಿದ್ದೇನೆ. ರಾತ್ರಿ ಪಾತ್ರೆ ಬರಿದಾಗುವುದರಿಂದ, ಹತ್ತು ಗಂಟೆಗೆ ಕಟ್ಟೆಗೆ ಒರಗಿ ನಿಂತು ಉಣ್ಣುವ ಕೆಲಸ ಈಗ ನನ್ನ ಹೆಂಡತಿಗಿಲ್ಲ. ಊಟ ಮುಗಿದೊಡನೆ ಬಂದು ಕುಳಿತು ಪತ್ರಿಕೆ ಓದುತ್ತಾಳೆ. ಇಪ್ಪತ್ತೇಳು ವರ್ಷಗಳಲ್ಲಿ ಅವಳು ಓದುಗಳ್ಳಿಯೆಂದು ನಾನು ತಿಳಿದಿದ್ದುದು ತಪ್ಪು. ಅವಳಿಗೆ ಹೊತ್ತು ಸಿಕ್ಕಿರಲಿಲ್ಲ.

ಹೋದ ತಿಂಗಳು, ಅವಳು ಹೆದರಿದ್ದಂತೆಯೇ, ಮಧ್ಯಾಹ್ನ ಒಂದು ಗಂಟೆಗೆ ಊರಿನಿಂದ ನನ್ನ ಚಿಕ್ಕಪ್ಪನವರ ಮಗ, ಅಣ್ಣಯ್ಯ, ಬಂದಿಳಿದ. ಅನ್ನ ಸಾಲದು. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋಗಿ ರವೆ ಹುರಿದಳು. ಅಣ್ಣಯ್ಯ ಉಪ್ಪಿಟ್ಟನ್ನು ಹೊಗಳಿ ಎರಡು ಬಾರಿ ಹಾಕಿಸಿಕೊಂಡ. ಹೊರಡುವಾಗ ನನ್ನನ್ನು ಜಗಲಿಯ ತುದಿಗೆ ಕರೆದು, ಮೇಲಿಂದ ಕೆಳಗೆ ದಿಟ್ಟಿಸಿ, ದನಿ ತಗ್ಗಿಸಿ ಹೇಳಿದ:

‘ಬಾಳ ಸೊರಗಿದ್ದೀಯ ಕಣಪ್ಪ. ಕಾಲೇಜಿಗೂ ನಡಕೊಂಡೇ ಹೋಗ್ತೀಯಂತೆ. ಅನ್ನದ ಪಾತ್ರೆಯೂ ಸಣ್ಣದು. ಸಾಲಗೀಲ ಏನಾದರೂ ಮಾಡ್ಕೊಂಡಿದ್ದರೆ ಸಂಕೋಚ ಪಡಬೇಡ, ಹೇಳು. ಈ ಸಲ ಕಬ್ಬಿನ ದುಡ್ಡು ಬಂದದೆ.’